ಡೆಂಡ್ರೋಬಿಯಂ ಬುಡ ಕಪ್ಪಾಗುವುದೇಕೆ, ಹೂ ಬಾರದಿರುವುದೇಕೆ?

ಪ್ರಶ್ನೆ: ನಮ್ಮ ಮನೆ ಉಡುಪಿಯ ಹತ್ತಿರ, ಸುತ್ತ ತೆಂಗು-ಅಡಿಕೆ ತೋಟ. ಕಳೆದ ವರ್ಷ ಚೌತಿಯ ಹೊತ್ತಿಗೆ ನೇರಳೆ-ಬಿಳಿ ಹೂವಿದ್ದ ಮೂರು ಡೆಂಡ್ರೋಬಿಯಂ ಆರ್ಕಿಡ್ ತಂದು ಸಿಟೌಟಿನಲ್ಲಿ ತೂಗುಹಾಕಿದೆವು. ಪ್ಲಾಸ್ಟಿಕ್ ಚಟ್ಟಿ, ಒಳಗೆ ತೆಂಗಿನ ಸಿಪ್ಪೆ. ದಿನಕ್ಕೆರಡು ಸಲ ನೀರು ಕೊಡುತ್ತೇವೆ. ತಂದ ವಾರದಲ್ಲೇ ಮೊಗ್ಗು ಉದುರಿದವು. ಈ ಮಳೆಗಾಲದಲ್ಲಿ ಒಂದು ಗಿಡ ಬುಡದಿಂದ ಕಪ್ಪಾಗಿ ಸತ್ತಿತು. ಎರಡನೆಯದರ ಎಲೆ ಉದುರಿ ಬೋಳು ದಂಟು ಉಳಿದಿದೆ, ಅದರ ಹೊಸ ಚಿಗುರಿನ ಬುಡವೂ ಕಪ್ಪಾಗುತ್ತಿದೆ. ಮೂರನೆಯದಕ್ಕೆ ಹೂವಿನ ಬದಲು ದಂಟಿನ ತುದಿಯಲ್ಲಿ ಮರಿ ಗಿಡಗಳು ಬಂದಿವೆ. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣ ಹೊಡೆಯಬಹುದೆ? ಬೋಳು ದಂಟು ಕತ್ತರಿಸಬೇಕೆ? ಹೂ ಬರಲು ಯಾವ ಗೊಬ್ಬರ ಹಾಕಬೇಕು?

ಉತ್ತರ: ಬೋರ್ಡೋ ಬೇಡ. ಕೈಯಲ್ಲಿ ಪಂಪು ಹಿಡಿದಿದ್ದರೆ ಮೊದಲು ಕೆಳಗಿಡಿ. ಅದು ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್ ಮತ್ತು ಸುಣ್ಣ ಸೇರಿಸಿ ಮಾಡಿದ್ದು, ಡೆಂಡ್ರೋಬಿಯಂಗೆ ತಾಮ್ರ ಆಗಿಬರುವುದಿಲ್ಲ. ಮೈಲುತುತ್ತು ಸೇರಿದ ಯಾವ ಮದ್ದು ಬಿದ್ದರೂ ಎಳೆ ಚಿಗುರು, ಬೇರಿನ ಹಸಿರು ತುದಿ ಸುಟ್ಟು ಕಪ್ಪಾಗುತ್ತದೆ. ಆಮೇಲೆ ಅದನ್ನೂ ರೋಗವೆಂದೇ ತಿಳಿದು ಇನ್ನಷ್ಟು ಹೊಡೆಯುವವರಿದ್ದಾರೆ. ತೋಟಕ್ಕೆ ಮದ್ದು ಬಿಡುವ ದಿನ ಗಾಳಿಗೆ ಹನಿ ಹಾರಿ ಬರುವಷ್ಟು ಹತ್ತಿರದಲ್ಲಿ ಚಟ್ಟಿಗಳಿದ್ದರೆ, ಅವನ್ನು ಆ ಹೊತ್ತಿಗೆ ಮನೆಯ ಇನ್ನೊಂದು ಬದಿಗೆ ಒಯ್ದುಬಿಡಿ.

ಆದರೆ ಇದು ಅಡಿಕೆಯ ರೋಗದಂಥದ್ದೇ ಇರಬೇಕೆಂಬ ನಿಮ್ಮ ಊಹೆಯಲ್ಲಿ ಅರ್ಧ ಸರಿಯಿದೆ ಎನ್ನಬೇಕು. ಮಳೆಗಾಲದಲ್ಲಿ ಡೆಂಡ್ರೋಬಿಯಂ ಬುಡವನ್ನು ಕಪ್ಪಾಗಿಸುವುದು ಹೆಚ್ಚಾಗಿ ಫೈಟಾಫ್ತೋರ ಎಂಬ ಶಿಲೀಂಧ್ರದಂಥ ಜೀವಿ. ಅಡಿಕೆಯ ಕೊಳೆರೋಗವೂ ಇದೇ ಕುಲದ್ದು. ಎರಡೂ ನಿಂತ ನೀರಿನಲ್ಲಿ, ತೊಯ್ದು ಒಣಗದ ಮೈಯಲ್ಲಿ ಹರಡುತ್ತವೆ. ಆದ್ದರಿಂದ ಮದ್ದಿಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ, ನಿಮ್ಮ ಗಿಡದ ಬುಡ ದಿನದಲ್ಲಿ ಒಮ್ಮೆಯಾದರೂ ಒಣಗುತ್ತದೆಯೇ ಎಂಬುದು. ಪ್ಲಾಸ್ಟಿಕ್ ಚಟ್ಟಿ, ತುಂಬಾ ಸಿಪ್ಪೆ, ದಿನಕ್ಕೆರಡು ಸಲ ನೀರು, ಸುತ್ತ ಆಟಿ ತಿಂಗಳ (ಜುಲೈ-ಆಗಸ್ಟ್ ಹೊತ್ತಿನ) ಒದ್ದೆ ಗಾಳಿ: ಒಣಗುವ ದಾರಿಯೇ ಇಲ್ಲ. ಮೂರು ಗಿಡಗಳ ಲಕ್ಷಣ ಬೇರೆ ಬೇರೆ ಕಂಡರೂ ಕಾರಣ ಎರಡೇ. ಬೇರಿಗೆ ಗಾಳಿ ಸಾಲದು, ಎಲೆಗೆ ಬೆಳಕು ಸಾಲದು.

ಈಗ ತುರ್ತಾಗಿ ನೋಡಬೇಕಾದದ್ದು ಎರಡನೆಯ ಗಿಡ. ಕಪ್ಪಾಗುತ್ತಿರುವ ಚಿಗುರನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪಿನ ಅಂಚಿನಲ್ಲಿ ನೀರು ಹೀರಿದಂಥ ಕಂದು ಪಟ್ಟಿ, ಅದರಾಚೆ ತೆಳು ಹಳದಿ ಇದ್ದು, ಎಲೆ ಮುಟ್ಟಿದರೆ ಬುಡದಿಂದಲೇ ಕಳಚಿ ಕೈಗೆ ಬಂದರೆ ಅದು ಕಪ್ಪು ಕೊಳೆ, ಅಂದರೆ ಫೈಟಾಫ್ತೋರ. ಅಂಗಾಂಶ ಮೆತ್ತಗಾಗಿ ನೀರೊಡೆದು ಕೆಟ್ಟ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾ ಕೊಳೆ. ಶಿಲೀಂಧ್ರನಾಶಕ ಅದಕ್ಕೆ ನಾಟುವುದಿಲ್ಲ. ಎರಡಕ್ಕೂ ಮೊದಲ ಕೆಲಸ ಕತ್ತರಿಸುವುದೇ. ಹೊಸ ಬ್ಲೇಡು ತೆಗೆದುಕೊಳ್ಳಿ, ಅಥವಾ ಚೂರಿಯನ್ನು ಗ್ಯಾಸಿನ ಉರಿಯಲ್ಲಿ ಕಾಯಿಸಿ ಆರಿಸಿಕೊಳ್ಳಿ. ಕಪ್ಪು ಮುಗಿದ ಜಾಗದಿಂದ ಇನ್ನೂ ಎರಡು-ಮೂರು ಸೆಂಟಿಮೀಟರು ಒಳಗೆ ಕೊಯ್ಯಿರಿ. ಕೊಯ್ದ ಮುಖ ಪೂರ್ತಿ ಬಿಳಿ-ಹಸಿರಾಗಿರಬೇಕು. ನಡುವೆ ಕಂದು ಚುಕ್ಕಿಯೋ ಉಂಗುರವೋ ಕಂಡರೆ ರೋಗ ಮುಂದೆ ಹೋಗಿದೆ ಎಂದರ್ಥ. ಚೂರಿಯನ್ನು ಮತ್ತೆ ಕಾಯಿಸಿ ಇನ್ನಷ್ಟು ಕೊಯ್ಯಿರಿ. ಇಲ್ಲಿ ಕರುಣೆ ತೋರಿಸಿ ಒಂದು ಚಿಗುರು ಉಳಿಸಲು ಹೋದರೆ ಬುಡದ ಅಡ್ಡಕಾಂಡಕ್ಕೆ ರೋಗ ಇಳಿದು ಗಿಡವೇ ಹೋಗುತ್ತದೆ.

ಕೊಯ್ದ ಗಾಯಕ್ಕೆ ಅಡುಗೆಮನೆಯ ದಾಲ್ಚಿನ್ನಿ ಪುಡಿ ಸವರಬಹುದು. ಗಾಯಕ್ಕೆ ಮಾತ್ರ, ಬೇರಿಗೆ ತಾಗದಂತೆ. ಬೇರನ್ನು ಅದು ಒಣಗಿಸಿಬಿಡುತ್ತದೆ. ಕಪ್ಪು ಕೊಳೆಯೇ ಆಗಿದ್ದರೆ ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಸೇರಿದ ಪುಡಿಯನ್ನು ಲೀಟರಿಗೆ 2 ಗ್ರಾಂ ಕಲಸಿ ಗಿಡದ ಬುಡ ಮತ್ತು ಚಿಗುರಿಗೆ ಸಿಂಪಡಿಸಿ. ಹತ್ತು-ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಸಿಂಪಡಿಸುವಾಗ ಫೊಸೆಟೈಲ್ ಅಲ್ಯೂಮಿನಿಯಂ ಬಳಸಿ, ಅದೂ ಲೀಟರಿಗೆ 2 ಗ್ರಾಂ. ಒಂದೇ ಮದ್ದನ್ನು ಪದೇಪದೇ ಹೊಡೆದರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಕೈಗವಸು, ಮೂಗಿಗೆ ಬಟ್ಟೆ ಮರೆಯಬೇಡಿ, ಸಿಟೌಟಿನ ಒಳಗೆ ಹೊಡೆಯಬೇಡಿ. ಕೊಯ್ದ ಮೇಲೆ ಮೂರು-ನಾಲ್ಕು ದಿನ ಗಿಡಕ್ಕೆ ನೀರು ಪೂರ್ತಿ ನಿಲ್ಲಿಸಿ, ಗಾಳಿಯಾಡುವ, ಮಳೆ ಸಿಡಿಯದ ಕಡೆ ಇಡಿ. ಸತ್ತ ಗಿಡದ ಸಿಪ್ಪೆಯನ್ನು ತೋಟದ ಬುಡಕ್ಕೆ ಸುರಿಯದೆ ಸುಟ್ಟುಹಾಕಿ. ಆ ಚಟ್ಟಿ ಮತ್ತೆ ಬೇಕಿದ್ದರೆ ಒಂದು ಪಾಲು ಬ್ಲೀಚ್ ದ್ರವಕ್ಕೆ ಒಂಬತ್ತು ಪಾಲು ನೀರು ಸೇರಿಸಿ ಅರ್ಧ ಗಂಟೆ ಮುಳುಗಿಸಿ ತೊಳೆಯಿರಿ.

ಬೋಳು ದಂಟನ್ನು ಕತ್ತರಿಸಬೇಡಿ. ಡೆಂಡ್ರೋಬಿಯಂನ ದಂಟು ಕಬ್ಬಿನ ಹಾಗೆ ಗಿಣ್ಣು ಗಿಣ್ಣಾಗಿ ನೀರನ್ನೂ ಆಹಾರವನ್ನೂ ಕೂಡಿಟ್ಟುಕೊಳ್ಳುವ ಉಗ್ರಾಣ. ಎಲೆ ಇಲ್ಲದಿದ್ದರೂ ದಂಟು ಗಟ್ಟಿಯಾಗಿ ಹಸಿರಾಗಿದ್ದರೆ ಹೊಸ ಚಿಗುರನ್ನು ಅದೇ ಸಾಕುತ್ತದೆ. ಎಷ್ಟೋ ಸಲ ಅಂಥ ದಂಟಿನ ಮೇಲಿನ ಗಿಣ್ಣಿನಿಂದ ಮತ್ತೆ ಹೂಗೊಂಚಲೂ ಬರುತ್ತದೆ. ಕಂದಾಗಿ, ಒತ್ತಿದರೆ ಟೊಳ್ಳೆನಿಸುವುದನ್ನು ಮಾತ್ರ ತೆಗೆಯಿರಿ. ಸುಕ್ಕುಗಟ್ಟಿದ ದಂಟು ಕಂಡ ಕೂಡಲೇ ನೀರು ಹೆಚ್ಚಿಸುವುದು ಸಾಮಾನ್ಯ ತಪ್ಪು. ಬೇರು ಕೊಳೆತ ಗಿಡದ ದಂಟೂ ಸುಕ್ಕಾಗುತ್ತದೆ, ಏಕೆಂದರೆ ನೀರಿದ್ದರೂ ಹೀರುವವರಿಲ್ಲ. ಚಟ್ಟಿಯಿಂದ ಬಿಡಿಸಿ ನೋಡಿ: ಬೇರು ಒತ್ತಿದಾಗ ಗಟ್ಟಿಯಾಗಿ, ಒಣಗಿದಾಗ ಬೆಳ್ಳಿಯ ಬಿಳುಪಿನಲ್ಲಿ, ನೀರು ತಾಗಿದ ಕೂಡಲೇ ಹಸಿರಾಗಿ ಕಂಡರೆ ಜೀವಂತ. ಬೆರಳಲ್ಲಿ ಎಳೆದರೆ ಸಿಪ್ಪೆ ಕಳಚಿ ನಡುವಿನ ನೂಲು ಮಾತ್ರ ಉಳಿದರೆ ಸತ್ತಿದೆ, ಕತ್ತರಿಸಿ ತೆಗೆಯಿರಿ.

ಚಟ್ಟಿ ಬದಲಿಸುವ ಕೆಲಸವನ್ನು ಸಾಮಾನ್ಯವಾಗಿ ಜೂನ್-ಜುಲೈಯಲ್ಲಿ ಮಾಡಬಾರದು. ಹೊಸ ಚಿಗುರಿನ ಬುಡದಲ್ಲಿ ಒಂದೆರಡು ಸೆಂಟಿಮೀಟರು ಬೇರು ಹೊರಟಾಗ ಮಾಡಿದರೆ ಗಿಡ ಬೇಗ ಹಿಡಿದುಕೊಳ್ಳುತ್ತದೆ. ನಮ್ಮ ಕಡೆ ಅದಕ್ಕೆ ಎರಡು ಹೊತ್ತು: ಮೊದಲ ಬೇಸಿಗೆ ಮಳೆ ಬಿದ್ದ ಏಪ್ರಿಲ್ ಆಸುಪಾಸು, ಇಲ್ಲವೇ ಮಳೆ ಇಳಿದ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಕೊಳೆಯುತ್ತಿರುವ ಗಿಡಕ್ಕೆ ಈ ಪಂಚಾಂಗ ಬೇಡ, ಇಂದೇ ಬದಲಿಸಿ.

ಒಳಗೆ ಏನು ತುಂಬಬೇಕು? ಪೇಟೆಯಲ್ಲಿ ಸಿಗುವ ದುಬಾರಿ ತೊಗಟೆ ಮಿಶ್ರಣ ಒಣ ಊರಿಗೆ ಸರಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ನಾಲ್ಕೇ ತಿಂಗಳಲ್ಲಿ ಬೀಳುವ ಕರಾವಳಿಗೆ ಮಂಗಳೂರು ಹಂಚಿನ ಚೂರಿಗಿಂತ ಒಳ್ಳೆಯದು ಬೇರೆ ಇಲ್ಲ. ಮನೆಯ ಹಿಂದೆ ರಾಶಿ ಬಿದ್ದ ಹಳೆ ಹಂಚು ಸಾಕು. ಪಾಚಿ ಉಜ್ಜಿ ತೊಳೆದು, ಎರಡು-ಮೂರು ಸೆಂಟಿಮೀಟರಿನ ಚೂರು ಮಾಡಿ, ಪುಡಿಯನ್ನು ಜರಡಿ ಹಿಡಿದು ಬಿಸಾಡಿ, ರಾತ್ರಿಯಿಡೀ ನೀರಲ್ಲಿ ನೆನೆಸಿ. ಸುಟ್ಟ ಮಣ್ಣು ತುಸು ನೀರು ಹೀರಿಟ್ಟುಕೊಂಡು ನಿಧಾನ ಬಿಡುತ್ತದೆ, ಕೊಳೆಯುವುದಿಲ್ಲ, ಗಾಳಿಗೆ ಚಟ್ಟಿ ಮಗುಚದಷ್ಟು ತೂಕವನ್ನೂ ಕೊಡುತ್ತದೆ. ಇದರ ಜೊತೆಗೆ ಅಷ್ಟೇ ದಪ್ಪದ ಮರದ ಇದ್ದಿಲು ಅಥವಾ ಗೆರಟೆ ಇದ್ದಿಲು, ತೊಳೆದು. ನಾಲ್ಕು ಇಂಚಿನ, ಬದಿಯಲ್ಲಿ ತೂತಿರುವ ಮಣ್ಣಿನ ಚಟ್ಟಿಗೆ ಅಡಿಯ ಮೂರನೇ ಒಂದು ಭಾಗ ಬರೀ ಹಂಚಿನ ಚೂರು, ಮೇಲೆ ಹಂಚು-ಇದ್ದಿಲು ಸಮಪಾಲು. ಇದ್ದಿಲು ಗೊಬ್ಬರದ ಉಪ್ಪನ್ನು ಹಿಡಿದಿಟ್ಟುಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಿ. ಹಂಚನ್ನು ತೊಳೆದು ಮತ್ತೆ ಬಳಸಬಹುದು.

ತೆಂಗಿನ ಸಿಪ್ಪೆಯ ಬಗ್ಗೆ ಎರಡು ಮಾತು, ಏಕೆಂದರೆ ಕರಾವಳಿಯಲ್ಲಿ ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ. ಅದು ಕೆಟ್ಟ ವಸ್ತುವೇನಲ್ಲ. ಮನೆಯಲ್ಲಿ ಇರುವವರಿಲ್ಲ, ಬೇಸಿಗೆಯಲ್ಲಿ ದಿನಾ ನೀರು ಹಾಕಲಾಗದು ಎನ್ನುವಂತಿದ್ದರೆ ಮೇಲ್ಭಾಗದಲ್ಲಿ ನಾಲ್ಕೈದು ತುಂಡು ಇಡಬಹುದು. ಅದಕ್ಕೂ ಮೊದಲು ವಾರವಿಡೀ ನೆನೆಸಿ, ನೀರಿನ ಕಂದು ಬಣ್ಣ ತಿಳಿಯಾಗುವವರೆಗೆ ದಿನಾ ನೀರು ಬದಲಿಸಬೇಕು. ಚಟ್ಟಿ ತುಂಬಾ ಸಿಪ್ಪೆ ಗಿಡಿದರೆ ಒಂದೆರಡು ಮಳೆಗಾಲಕ್ಕೆ ಅದು ಕೊಳೆತು ಮುದ್ದೆಯಾಗುತ್ತದೆ, ನಡುವೆ ಗಾಳಿ ಹೊಕ್ಕದು. ನರ್ಸರಿಯವರು ಸಿಪ್ಪೆಯಲ್ಲೇ ಕೊಡುತ್ತಾರಲ್ಲ ಎನ್ನಬಹುದು. ಅವರ ಗಿಡ ಮಳೆ ತಾಗದ ಶೆಡ್ಡಿನಲ್ಲಿ ಬೆಳೆದದ್ದು.

ನೆಡುವಾಗ ಅಡ್ಡಕಾಂಡ ಚೂರುಗಳ ಮೇಲೆ ಕೂತಿರಬೇಕು, ಹೂಳಬಾರದು. ಹಳೆಯ ದಂಟನ್ನು ಚಟ್ಟಿಯ ಅಂಚಿಗೆ ತಾಗಿಸಿ, ಹೊಸ ಚಿಗುರು ನಡುವಿನತ್ತ ಮುಖ ಮಾಡುವಂತೆ ಇಡಿ. ಬಿದಿರಿನ ಕಡ್ಡಿ ಊರಿ ದಂಟುಗಳನ್ನು ಅಲುಗಾಡದಂತೆ ಕಟ್ಟಿ. ಗಿಡ ಅಲುಗಿದಷ್ಟೂ ಹೊಸ ಬೇರಿನ ತುದಿ ಚೂರಿಗೆ ಉಜ್ಜಿ ಮುರಿಯುತ್ತದೆ. ಚಟ್ಟಿ ಸಣ್ಣದಿದ್ದರೇ ಒಳ್ಳೆಯದು. ದೊಡ್ಡ ಚಟ್ಟಿಯಲ್ಲಿ ಗಿಡ ದೊಡ್ಡದಾಗುತ್ತದೆ ಎಂಬ ಲೆಕ್ಕ ಆರ್ಕಿಡ್‌ಗೆ ನಡೆಯುವುದಿಲ್ಲ, ನಡುಭಾಗ ಒಣಗದೆ ಬೇರು ಕೊಳೆಯುತ್ತದೆ. ಗಿಡ ಭಾಗ ಮಾಡುವುದಿದ್ದರೆ ಒಂದೊಂದು ಭಾಗಕ್ಕೆ ಮೂರು-ನಾಲ್ಕು ದಂಟು ಇರಲಿ.

ನೀರಿಗೆ ಬೆಳಗ್ಗಿನ ಹೊತ್ತೇ ಸರಿ, ಸಂಜೆಯೊಳಗೆ ಎಲೆಯ ಬುಡ, ಚಿಗುರಿನ ಕುಳಿ ಒಣಗಿರಬೇಕು. ಹಂಚು-ಇದ್ದಿಲಿನ ಚಟ್ಟಿಗೆ ಫೆಬ್ರವರಿಯಿಂದ ಮೇ ತನಕ ದಿನಾ ಒಂದು ಸಲ, ಅಡಿಯಿಂದ ಧಾರಾಳ ಹರಿಯುವಷ್ಟು. ಸೆಖೆ ತೀರಾ ಜೋರಿದ್ದರೆ ಮಧ್ಯಾಹ್ನ ಮೂರರ ಹೊತ್ತಿಗೆ ನೆಲಕ್ಕೆ ನೀರು ಚಿಮುಕಿಸಿ, ಗಿಡಕ್ಕಲ್ಲ. ಮಳೆಗಾಲದಲ್ಲಿ ಮಾಡಿನಡಿ ಇರುವ ಗಿಡಕ್ಕೆ ವಾರಕ್ಕೆರಡು ಸಲ ಸಾಕಾದೀತು. ಚಟ್ಟಿ ಎತ್ತಿ ನೋಡಿ, ಹಗುರಾಗಿದ್ದರೆ ಮಾತ್ರ ಕೊಡಿ. ನಳ್ಳಿ ನೀರಾದರೆ ಬಕೆಟಿನಲ್ಲಿ ರಾತ್ರಿಯಿಡೀ ಇಟ್ಟು ಬಳಸಿ. ಕಡಲ ಹತ್ತಿರದ ಬಾವಿಗಳಲ್ಲಿ ಏಪ್ರಿಲ್-ಮೇಯಲ್ಲಿ ನೀರು ಉಪ್ಪಾಗುತ್ತದೆ. ನಾಲಿಗೆಗೆ ಉಪ್ಪು ತಾಗುವ ನೀರನ್ನು ಹಾಕಲೇಬೇಡಿ, ಬೇರಿನ ತುದಿ ಕಪ್ಪಾಗಿ ಚಟ್ಟಿಯ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೃದು, ಸುಣ್ಣದಂಶ ಕಡಿಮೆ. ಅದಕ್ಕೆ ತಿಂಗಳಿಗೊಮ್ಮೆ ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 1 ಗ್ರಾಂ ಪ್ರತ್ಯೇಕವಾಗಿ ಕೊಡುವುದು ಒಳ್ಳೆಯದು. ಬೇರೆ ಗೊಬ್ಬರದ ಜೊತೆ ಕಲಸಿದರೆ ಫಾಸ್ಫೇಟಿನೊಂದಿಗೆ ಸೇರಿ ತಳದಲ್ಲಿ ಬಿಳಿ ಗಸಿಯಾಗಿ ಕೂರುತ್ತದೆ, ಗಿಡಕ್ಕೆ ಸಿಗುವುದಿಲ್ಲ.

ಇನ್ನು ಹೂವು. ಹೂವಿಗೆ ಗೊಬ್ಬರ ಯಾವುದು ಎಂದು ಕೇಳಿದ್ದೀರಿ, ಉತ್ತರ ಬೆಳಕು. ನಿಮ್ಮ ಸಿಟೌಟಿನ ಮೇಲೆ ಕಾಂಕ್ರೀಟ್ ಸ್ಲಾಬ್ ಇರಬೇಕು. ಅದರಡಿ ನಮ್ಮ ಕಣ್ಣಿಗೆ ಬೇಕಾದಷ್ಟು ಬೆಳಕಿದೆ ಎನಿಸಿದರೂ ಅಂಚಿನಿಂದ ಒಂದು ಮೀಟರು ಒಳಗೆ ಹೋದರೆ ಗಿಡದ ಪಾಲಿಗೆ ಅದು ಕತ್ತಲೆ. ಈ ಗಿಡಗಳ ಹಿರಿಯ ತಳಿ ಡೆಂಡ್ರೋಬಿಯಂ ಬಿಗಿಬ್ಬಮ್ ಉತ್ತರ ಆಸ್ಟ್ರೇಲಿಯಾ, ನ್ಯೂಗಿನಿಯ ಬಿಸಿಲುಳ್ಳ ಬಯಲು ಕಾಡಿನದ್ದು. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಹೂವೂ ಹೌದು. ಎಲೆಯ ಬಣ್ಣವೇ ಅಳತೆಗೋಲು. ಕಡು ಹಸಿರು, ಉದ್ದ, ಬಾಗಿದ ಎಲೆ ನೋಡಲು ಚೆಂದ, ಹೂ ಬಿಡುವುದಿಲ್ಲ. ಹಳದಿಯತ್ತ ವಾಲಿದ ಎಳೆ ಹಸಿರು, ನೆಟ್ಟಗೆ ನಿಂತ ದಪ್ಪ ಎಲೆ, ಹಿಂದಿನ ದಂಟಿಗಿಂತ ದಪ್ಪವಾದ ಹೊಸ ದಂಟು: ಇದು ಹೂ ಬಿಡುವ ಗಿಡ. ಬಿಸಿಲು ಮಿತಿಮೀರಿದರೆ ಎಲೆಯ ನಡುವೆ ಬಿಳುಚಿ, ಆಮೇಲೆ ಒಣಗಿದ ಕಂದು ಕಲೆ ಬೀಳುತ್ತದೆ.

ಮನೆಯ ಪೂರ್ವ ಬದಿಗೆ ಬೆಳಗ್ಗೆ ಮೂರು-ನಾಲ್ಕು ಗಂಟೆ ನೇರ ಬಿಸಿಲು ತಾಗುವಲ್ಲಿ ಸಾಲು ಕಟ್ಟಿ. ಮಾರ್ಚ್‌ನಿಂದ ಮೇ ತನಕ ಮೇಲೆ 50 ಶೇಕಡಾದ ಶೇಡ್ ನೆಟ್ ಬೇಕು. ಜೂನ್ ಬಂದ ಮೇಲೆ ಆ ನೆಟ್ಟನ್ನು ತೆಗೆದು ಅದೇ ಚೌಕಟ್ಟಿಗೆ 200 ಮೈಕ್ರಾನ್‌ನ ಪಾರದರ್ಶಕ ಯುವಿ ಪ್ಲಾಸ್ಟಿಕ್ ಹಾಳೆ ಎಳೆಯಿರಿ, ನಾಲ್ಕೂ ಬದಿ ತೆರೆದಿರಲಿ. ಕರಾವಳಿಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಬೇಸಿಗೆಯ ಹಸಿರು ನೆಟ್ಟು ಮಳೆಗಾಲಕ್ಕೂ ಹಾಗೆಯೇ ಉಳಿಯುತ್ತದೆ. ಮೊದಲೇ ಮೋಡ, ಅದರ ಮೇಲೆ ಅರ್ಧ ಬೆಳಕೂ ಕಡಿತ, ನೀರು ಮಾತ್ರ ಸಲೀಸಾಗಿ ಇಳಿಯುತ್ತದೆ. ಮುಖ್ಯ ಚಿಗುರು ಬೆಳೆಯುವುದು ಈ ನಾಲ್ಕು ತಿಂಗಳಲ್ಲೇ. ಈಗ ಸೊರಗಿದ ದಂಟು ಅಕ್ಟೋಬರದಲ್ಲಿ ಹೂ ಕೊಡಲಾರದು. ನೆರಳಲ್ಲಿದ್ದ ಗಿಡವನ್ನು ಒಮ್ಮೆಲೇ ಬಿಸಿಲಿಗೆ ಇಡಬೇಡಿ, ಎರಡು-ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪ ಸರಿಸಿ.

ಬೆಳಕು ಸರಿಯಾದ ಮೇಲೆ ಗೊಬ್ಬರಕ್ಕೆ ಅರ್ಥ. ಚಿಗುರು ಬಂದಾಗಿನಿಂದ ನೀರಲ್ಲಿ ಕರಗುವ 19-19-19 ಗೊಬ್ಬರವನ್ನು (ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾವಾರು) ಲೀಟರಿಗೆ 1 ಗ್ರಾಂ, ವಾರಕ್ಕೊಮ್ಮೆ. ಮೊದಲು ಬರೀ ನೀರು ಹಾಕಿ ಬೇರು ಹಸಿರಾದ ಮೇಲೆ ಗೊಬ್ಬರದ ನೀರು. ಒಣ ಬೇರಿಗೆ ಹಾಕಿದರೆ ಸುಡುತ್ತದೆ. ನಾಲ್ಕನೇ ವಾರ ಗೊಬ್ಬರ ಬಿಟ್ಟು ಚಟ್ಟಿಯನ್ನು ಚೆನ್ನಾಗಿ ತೊಳೆಯುವಷ್ಟು ಬರೀ ನೀರು ಹರಿಸಿ. ಹೊಸ ದಂಟಿನ ತುದಿಯಲ್ಲಿ ಕೊನೆಯ ಎಲೆ ಬಿಚ್ಚಿಕೊಂಡು ಬೆಳವಣಿಗೆ ನಿಂತಾಗ ಸಾರಜನಕ ತಗ್ಗಿಸಿ 13-0-45 ಮತ್ತು 0-52-34 ತಲಾ ಅರ್ಧ ಗ್ರಾಂ ಲೀಟರಿಗೆ. ಡಿಎಪಿ ಕಾಳು ಚಟ್ಟಿಗೆ ಹಾಕುವುದು, ಹಟ್ಟಿ ಗೊಬ್ಬರ ತುಂಬುವುದು ಎರಡೂ ಬೇಡ. ನೆಲಗಡಲೆ ಹಿಂಡಿ ನೆನೆಸಿದ ತಿಳಿಯನ್ನು ಇಪ್ಪತ್ತು ಪಾಲು ನೀರಿಗೆ ಬೆರೆಸಿ ಬೇಸಿಗೆಯಲ್ಲಿ ಕೊಟ್ಟರೆ ತೊಂದರೆಯಿಲ್ಲ, ಮಳೆಗಾಲದಲ್ಲಿ ಅದು ರೋಗಕ್ಕೆ ಊಟ. ಬೊಂಡದ ನೀರು ಹಾಕುವ ರೂಢಿಯೂ ಇದೆ. ಅದರಲ್ಲಿ ಸೈಟೋಕೈನಿನ್ ಎಂಬ ಚಿಗುರು ಹೊರಡಿಸುವ ಅಂಶ ಇರುವುದು ನಿಜ, ಜೊತೆಗೆ ಸಕ್ಕರೆಯೂ ಇದೆ. ಇರುವೆ ಸಾಲುಗಟ್ಟುತ್ತದೆ, ಹೂವಿಗೆ ಬದಲು ಮರಿ ಬರುವ ಸಾಧ್ಯತೆಯೂ ಇದೆ.

ಮರಿಗಳೆಂದರೆ ನಿಮ್ಮ ಮೂರನೆಯ ಗಿಡ. ದಂಟಿನ ಗಿಣ್ಣು ಹೂವಾಗಬೇಕಾದ ಜಾಗದಲ್ಲಿ ಗಿಡವಾಗಿದೆ. ಬೇರು ಕೊಳೆತು ತಾಯಿಗಿಡ ಅಪಾಯದಲ್ಲಿದ್ದಾಗ, ಬೆಳಕು ಕಡಿಮೆಯಾಗಿ ಸಾರಜನಕ ಹೆಚ್ಚಾದಾಗ ಹೀಗಾಗುತ್ತದೆ. ಹಾಗಾಗಿ ಇದನ್ನು ಲಾಭವೆಂದು ಬಗೆಯದೆ ಮೊದಲು ತಾಯಿಯ ಬೇರು ನೋಡಿ. ಮರಿಗೆ ಎರಡು-ಮೂರು ಬೇರು ಬಂದು ಐದು ಸೆಂಟಿಮೀಟರು ಉದ್ದವಾಗುವ ತನಕ ದಂಟಿನ ಮೇಲೇ ಬಿಡಿ. ಆಮೇಲೆ ಬ್ಲೇಡಿನಿಂದ ಬಿಡಿಸಿ ಎರಡೂವರೆ-ಮೂರು ಇಂಚಿನ ಚಟ್ಟಿಗೆ ಸಣ್ಣ ಚೂರುಗಳಲ್ಲಿ ನೆಡಿ. ಹೂವಿಗೆ ಒಂದೂವರೆ-ಎರಡು ವರ್ಷ ಕಾಯಬೇಕು.

ತಂದ ವಾರದಲ್ಲೇ ಮೊಗ್ಗು ಉದುರಿದ್ದು ಸಾಗಾಟದ ಆಘಾತ ಇರಬಹುದು. ಆದರೆ ಚೌತಿಯ ಸಮಯವೆಂದಿರಿ. ಸಿಟೌಟಿನಲ್ಲಿ ಬಾಳೆಗೊನೆ ತೂಗುಹಾಕಿದ್ದರೆ ಅದೂ ಕಾರಣವಾಗುತ್ತದೆ: ಹಣ್ಣಾಗುವ ಬಾಳೆ ಬಿಡುವ ಎಥಿಲೀನ್ ಅನಿಲಕ್ಕೆ ಆರ್ಕಿಡ್ ಮೊಗ್ಗು ಹಳದಿಯಾಗಿ ಬೀಳುತ್ತದೆ. ಹೂವಿದ್ದಾಗ ಗೊನೆಯನ್ನು ಬೇರೆ ಕೋಣೆಯಲ್ಲಿಡಿ. ಮೊಗ್ಗಿನಲ್ಲೇ ಕಂದು ಗೀರು, ಅರಳಿದ ಹೂ ಸೊಟ್ಟ ಕಂಡರೆ ಅದು ಥ್ರಿಪ್ಸ್. ಬಿಳಿ ಕಾಗದದ ಮೇಲೆ ಗೊಂಚಲು ಕೊಡವಿದರೆ ಎಳೆಯಷ್ಟು ತೆಳುವಾದ ಹುಳು ಓಡುವುದು ಕಾಣುತ್ತದೆ, ಬೇವಿನೆಣ್ಣೆ ಲೀಟರಿಗೆ 5 ಮಿಲಿಲೀಟರು ಸೋಪಿನ ನೀರಲ್ಲಿ ಕಲಸಿ ಸಂಜೆ ಸಿಂಪಡಿಸಿ. ಮಳೆಗಾಲದ ರಾತ್ರಿ ಬೇರಿನ ತುದಿ ತಿನ್ನುವ ಬಸವನಹುಳುಗಳನ್ನು ಟಾರ್ಚು ಹಿಡಿದು ಹೆಕ್ಕುವುದೇ ಸರಿಯಾದ ದಾರಿ. ಬಸವನಹುಳು ಕೊಲ್ಲುವ ಮೆಟಾಲ್ಡಿಹೈಡ್ ಕಾಳು ನಾಯಿಗೆ ವಿಷ, ಅಂಗಳದಲ್ಲಿ ನಾಯಿ ಇದ್ದರೆ ಹಾಕಬೇಡಿ.

ಸತ್ತದ್ದರ ಬದಲಿಗೆ ಹೊಸದು ಕೊಳ್ಳುವಾಗ ಹೂವಿಗಿಂತ ಮೊದಲು ಚಟ್ಟಿಯ ತಳ ನೋಡಿ: ತೂತಿನಿಂದ ಹಸಿರು ತುದಿಯ ಬೇರು ಇಣುಕುತ್ತಿರಬೇಕು. ಗಿಡವನ್ನು ಮೆಲ್ಲನೆ ಅಲುಗಿಸಿದರೆ ಚಟ್ಟಿಯೊಳಗೆ ತೂಗಾಡಬಾರದು. ದಂಟಿನ ಉದ್ದಕ್ಕೂ ಗಿಣ್ಣುಗಿಣ್ಣಿಗೆ ಎರಡು-ಮೂರು ಹೂ ಅಂಟಿಕೊಂಡಿರುವ ಗಿಡ ಕಂಡರೆ ಅದು ನೋಬಿಲೆ ಬಗೆಯದು, ಹಿಮಾಲಯದ ಕಡೆಯದು. ಮೊಗ್ಗು ಕಟ್ಟಲು ಅದಕ್ಕೆ ವಾರಗಟ್ಟಲೆ ತಂಪಾದ ಚಳಿಗಾಲದ ರಾತ್ರಿ ಬೇಕು. ಜನವರಿಯಲ್ಲೂ ರಾತ್ರಿ ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವ ನಮ್ಮ ಊರಲ್ಲಿ ಅದು ಎಲೆಯನ್ನಷ್ಟೇ ಬೆಳೆಸುತ್ತದೆ. ದಂಟಿನ ತುದಿಯಿಂದ ಉದ್ದ ಕಡ್ಡಿಯಂಥ ಗೊಂಚಲು ಹೊರಟು ಅದರಲ್ಲಿ ಸಾಲಾಗಿ ಹೂವಿರುವುದನ್ನೇ ಆರಿಸಿ. ಸೋನಿಯಾದಂಥ ಈ ಮಿಶ್ರತಳಿಗಳಿಗೆ ನಮ್ಮ ಸೆಖೆ ಒಗ್ಗುತ್ತದೆ, ಗೊಂಚಲು ಒಂದು-ಒಂದೂವರೆ ತಿಂಗಳು ನಿಲ್ಲುತ್ತದೆ.